ಮಾಮಾ ಒಪ್ಪಿಕೊಂಡ ಒಂದೇ ತಪ್ಪು

ನಮ್ಮ ಮನೆಯಲ್ಲಿ ನಾಲ್ಕು ಜನ ನೆಂಟರು ಕೂಡಿದರೆ ಸಾಕು, ಒಂದು ಕತೆ ಹೊರಗೆ ಬರುತ್ತದೆ. ಮನೆಯ ಅಳಿಯ, ಅಂದರೆ ನಮ್ಮ ಅತ್ತೆಯ ಗಂಡ ಮಾಮಾ, ಅಜ್ಜನ ಹಳೆಯ ಅಂಬಾಸಿಡರ್ ಕಾರಿನ ಎಂಜಿನ್ನನ್ನು ನಮ್ಮ ಅಂಗಳದಲ್ಲೇ ಇಳಿಸಿ, ಬಿಚ್ಚಿ ಹರವಿ, ತಿಂಗಳುಗಟ್ಟಲೆ ಒದ್ದಾಡಿ ಮತ್ತೆ ಜೋಡಿಸಿದ ಕತೆ. ಪೂಜೆಯಾಯಿತು, ಕಾಯಿ ಒಡೆಯಿತು, ಗಾಡಿ ಹೊರಟಿತು, ಅಥಣಿ ರಸ್ತೆಯಲ್ಲಿ ಒಂದಿಷ್ಟು ದೂರ ಹೋಗಿ ಕಿರ್ ಎಂದು ನಿಂತಿತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದು ತಂದರು. ಕತೆಯ ಕೊನೆಗೆ ಅಪ್ಪ ಎದ್ದು ನಿಂತು, ಎರಡೂ ಕೈ ಒರೆಸಿಕೊಳ್ಳುವಂತೆ ಮಾಡಿ, ಮಾಮಾನ ದನಿಯಲ್ಲಿ "ಗ್ಯಾಸ್ಕೆಟ್ ಸರಿ ಕೂತಿಲ್ರಿ" ಎನ್ನುತ್ತಾರೆ. ಅಲ್ಲಿಗೆ ಎಲ್ಲರೂ ನಗಬೇಕು. ನಗುತ್ತಾರೆ ಕೂಡ.

ಈ ಕತೆಯನ್ನು ನಾನು ಒಪ್ಪುವುದಿಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಮಾತು ಕಲಿತವಳು ನಾನು. ಎದುರಿನವರ ಮಾತಿನಲ್ಲಿ ಎಲ್ಲಿ ಸಡಿಲವಿದೆ ಎಂದು ತಡಕುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಆದರೂ ಇಷ್ಟು ವರ್ಷ ಕೇಳಿದ ಈ ಕತೆಯಲ್ಲಿನ ದೊಡ್ಡ ಸಡಿಲು ನನ್ನ ಕೈಗೆ ಸಿಕ್ಕಿರಲಿಲ್ಲ. ಜನ್ಮದಲ್ಲಿ ಒಂದು ತಪ್ಪನ್ನೂ ಒಪ್ಪಿಕೊಳ್ಳದ ಮನುಷ್ಯ ಅವತ್ತು ಯಾರೂ ಕೇಳುವ ಮೊದಲೇ ತಪ್ಪು ನನ್ನದು ಎಂದ. ಯಾಕೆ? ಈ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ.

ನನಗೂ ಅದು ಹೊಳೆದದ್ದು ಒಂದು ವಾಸನೆಯಿಂದ. ಈ ಹಂಗಾಮಿನಲ್ಲಿ ಅಪ್ಪನ ಮೊಣಕಾಲು ಹಿಡಿದುಕೊಂಡಿದ್ದರಿಂದ ಆಳುಗಳ ಬುತ್ತಿ ಒಯ್ಯಲು ತಿಕೋಟಾದ ತೋಟಕ್ಕೆ ನಾನೇ ಹೋಗಬೇಕಾಯಿತು. ದ್ರಾಕ್ಷಿ ಬೆಳೆಯುವವರ ಮಗಳಾದರೂ ದ್ರಾಕ್ಷಿ ಒಣಹಾಕುವುದನ್ನು ನಾನು ಹತ್ತಿರದಿಂದ ನೋಡಿರಲಿಲ್ಲ. ಆ ಕೆಲಸವೂ ನಮ್ಮ ಪರೀಕ್ಷೆಗಳೂ ಪ್ರತಿ ವರ್ಷ ಒಂದೇ ಸಮಯಕ್ಕೆ ಬರುತ್ತಿದ್ದವು. ಶೆಡ್ಡಿನ ಮುಂದೆ ತೊಟ್ಟಿಯಲ್ಲಿ ನೀರು ತುಂಬಿಸಿದ್ದರು. ಗೊನೆಗಳನ್ನು ಬಲೆಯ ಮೇಲೆ ಹರವುವ ಮೊದಲು ಅದರಲ್ಲಿ ಅದ್ದಿ ತೆಗೆಯುತ್ತಾರೆ. ನೀರಿಗೆ ಒಂದು ಪುಡಿ ಹಾಕಿ, ಆಮೇಲೆ ಡಿಪ್ಪಿಂಗ್ ಎಣ್ಣೆ ಹಾಕುತ್ತಾರೆ. ಹಾಗೆ ಮಾಡಿದರೆ ಹಣ್ಣು ಬೇಗ ಒಣಗುತ್ತದೆ. ಶೆಡ್ ನೋಡಿಕೊಳ್ಳುವ ಅಜ್ಜ ಕ್ಯಾನು ಬಗ್ಗಿಸಿ ಎಣ್ಣೆ ಸುರಿದ ಕೂಡಲೇ ತೊಟ್ಟಿಯ ನೀರೆಲ್ಲ ಹಾಲಿನ ಹಾಗೆ ಬೆಳ್ಳಗಾಯಿತು. ಅದರ ಜೊತೆಗೆ ಒಂದು ವಾಸನೆ... ಬಟ್ಟೆ ಸಾಬೂನಿಗೆ ಹಳೆಯ ಕೊಬ್ಬರಿ ಬೆರೆಸಿದಂತೆ.

ಈ ವಾಸನೆ ನನಗೆ ಗೊತ್ತಿತ್ತು. ತೋಟದಿಂದ ಗೊತ್ತಾದದ್ದಲ್ಲ. ಅಥಣಿ ರಸ್ತೆಯ ನಮ್ಮ ಮನೆಯ ಹಿತ್ತಲಲ್ಲಿ, ಮಾಮಾನ ಬೆರಳುಗಳಲ್ಲಿ ಅದನ್ನು ಮೂಸಿದ್ದೆ.

ಮಾಮಾ ಬಬಲೇಶ್ವರದಲ್ಲಿ ಬಟ್ಟೆ ಅಂಗಡಿ ಇಟ್ಟವರು. ಅಪ್ಪನಿಗೆ ಅಕ್ಕನ ಗಂಡ, ನಮಗೆ ಅತ್ತೆಯ ಗಂಡ. ಅಪ್ಪನೂ ಮಾಮಾ ಎನ್ನುತ್ತಿದ್ದರು, ನಾವೂ ಮಾಮಾ ಎನ್ನುತ್ತಿದ್ದೆವು. ಸತ್ತವರೆಂದು ಹೊಗಳುವುದು ಬೇಡ. ಮಾಮಾ ದೊಡ್ಡ ಬಡಾಯಿಕೋರರು. ಸಂತೆಯ ದಿನ ಸೀರೆ ಕೊಳ್ಳಲು ಬಂದವರಿಗೆ ಸೀರೆಯ ಜೊತೆ ಸಕ್ಕರೆ ಕಾಯಿಲೆಯ ಔಷಧ, ಬೋರು ಕೊರೆಸುವ ಜಾಗ, ಮಗನಿಗೆ ಯಾವ ಕಡೆಯ ಹೆಣ್ಣು ತರಬೇಕು ಎಂಬುದನ್ನೂ ಕಟ್ಟಿ ಕಳಿಸುತ್ತಿದ್ದರು. ಹೇಳಿದ್ದರಲ್ಲಿ ಅರ್ಧ ತಪ್ಪಿರುತ್ತಿತ್ತು. ನನಗೂ ಅವರಿಗೂ ಜಗಳ ಹತ್ತುತ್ತಿದ್ದದ್ದೇ ಅಲ್ಲಿ.

"ಮಾಮಾ, ಈ ವಾರ ಮಳಿ ಬರೂದಿಲ್ಲ ಅಂದಿದ್ರಿ. ಬಂತಲ್ಲ?"

"ನಿಮ್ಮ ಊರಿಗೆ ಬಂತು. ನಾ ಬಬಲೇಶ್ವರದ್ದ ಹೇಳಿದ್ದೆ."

"ಅಲ್ಲೂ ಬಂದೈತಿ. ಅತ್ತಿ ಹೇಳಿದ್ಲು."

"ಅದಕ ಮಳಿ ಅಂತಾರೇನ್ ಬೇ? ಅಂಗಳಕ್ಕ ನೀರ ಚಿಮುಕಿಸಿದಂಗ ಆಗಿತ್ತು, ಅಷ್ಟ."

ಸೋಲುವುದೆಂದರೆ ಏನೆಂದು ಗೊತ್ತಿಲ್ಲದ ಎದುರಾಳಿ. ನಾನು ಚರ್ಚೆಯಲ್ಲಿ ಗೆದ್ದ ಮೊದಲ ಕಪ್ಪನ್ನು ತೋರಿಸಿದಾಗ ಅದನ್ನು ತಿರುಗಿಸಿ ನೋಡಿ, "ನನ್ನ ಕೂಡ ಗುದ್ದಾಡಿ ಗುದ್ದಾಡಿ ಕಲತದ್ದು ಇದು, ವಕೀಲ್ರ" ಎಂದಿದ್ದರು. ಅದು ಮಾತ್ರ ಬಡಾಯಿಯಾಗಿರಲಿಲ್ಲ.

ಅಜ್ಜನ ಕಾರು ನಮ್ಮ ಅಂಗಳದ ಮೂಲೆಯಲ್ಲಿ ತಗಡಿನ ಚಪ್ಪರದ ಕೆಳಗೆ ನಿಂತಿತ್ತು. ಅಜ್ಜ ಹೋದ ಮೇಲೆ ಯಾರೂ ಅದನ್ನು ಚಾಲು ಮಾಡಿರಲಿಲ್ಲ. ಎಂಜಿನ್ ಜಾಮಾಗಿತ್ತು, ಸೀಟಿನೊಳಗೆ ಬೆಕ್ಕು ಮರಿ ಹಾಕುತ್ತಿತ್ತು. ಅತ್ತೆಯ ಮದುವೆಯಲ್ಲಿ ಅವಳನ್ನು ಬಬಲೇಶ್ವರಕ್ಕೆ ಕಳಿಸಿಕೊಟ್ಟದ್ದು ಅದೇ ಗಾಡಿಯಲ್ಲಿ. ಅಪ್ಪ ಮತ್ತು ಕಾಕಾಗಳು ಅದನ್ನು ಗುಜರಿಗೆ ಹಾಕುವ ಮಾತೆತ್ತಿದ ದಿನ ಅತ್ತೆಯೂ ಮಾಮಾನೂ ನಮ್ಮಲ್ಲಿದ್ದರು. ಅತ್ತೆ ಎದ್ದು ಹೋಗಿ ಸೆರಗಿನಿಂದ ಕಾರಿನ ಬಾಗಿಲು ಒರೆಸುತ್ತ ನಿಂತಳು. ಮಾಮಾ ಅದನ್ನು ನೋಡಿದರು.

"ಯಾಕ ಕೊಡ್ತೀರಿ? ಎಂಜಿನ್ ನಾ ಎಬ್ಬಸ್ತೇನಿ."

"ಮಾಮಾರ, ಸೀರಿ ಮಡಿಚಿ ಇಟ್ಟಂಗಲ್ರಿ ಅದು," ಎಂದರು ಅಪ್ಪ.

"ಸೀರಿ ಮಡಚೂದ ಕಠಿಣ ಕೆಲಸ. ಇದು ಬರೇ ಕಬ್ಬಿಣ. ಇದ ಗಾಡ್ಯಾಗ ನಿಮ್ಮಕ್ಕನ್ನ ಕುಂದರ್ಸಿಕೊಂಡು ಬಬಲೇಶ್ವರಕ್ಕ ಹೊಕ್ಕೇನಿ, ನೋಡ್ತಿರು."

ಅಲ್ಲಿಗೆ ಮಾತು ಗಟ್ಟಿಯಾಯಿತು. ಎಂಜಿನ್ ಎದ್ದರೆ ಗಾಡಿ ಉಳಿಯುತ್ತದೆ, ಏಳದಿದ್ದರೆ ಗುಜರಿಗೆ. ಎಲ್ಲರೂ ಅದನ್ನು ತಮಾಷೆಯೆಂದೇ ತಿಳಿದರು. ಅತ್ತೆ ಮಾತ್ರ ಹಾಗೆ ತಿಳಿಯಲಿಲ್ಲ. ಆಮೇಲಿನಿಂದ ತವರಿಗೆ ಬಂದಾಗಲೆಲ್ಲ ಅವಳು ಮೊದಲು ಚಪ್ಪರದ ಕಡೆಗೆ ಹೋಗಿ ನೋಡಿ, ಆಮೇಲೆ ಕಾಲು ತೊಳೆದುಕೊಂಡು ಒಳಗೆ ಬರುತ್ತಿದ್ದಳು.

ಕೆಲಸ ಶುರುವಾಯಿತು. ಎಂಜಿನ್ ಎತ್ತಲು ಮಾಮಾ ತಂದದ್ದು ಬೋರಿನಿಂದ ಮೋಟರ್ ಎತ್ತುವ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ಮತ್ತು ಸರಪಳಿ. ಬಾನೆಟ್ ಕಳಚಿ, ರೇಡಿಯೇಟರ್ ಬಿಚ್ಚಿ, ಬೋಲ್ಟುಗಳಿಗೆ ಡೀಸೆಲ್ ಹನಿಸಿ ಹನಿಸಿ ಸಡಿಲಿಸಿ, ಕೊನೆಗೆ ಸರಪಳಿ ಎಳೆದಾಗ ಅಷ್ಟು ದೊಡ್ಡ ಎಂಜಿನ್ ಗಾಳಿಯಲ್ಲಿ ನಿಧಾನವಾಗಿ ತಿರುಗುತ್ತ ಮೇಲೆ ಬಂತು. ಅದರ ತಳದಿಂದ ಕಪ್ಪು ರಾಡಿ ತೊಟ್ಟಿಕ್ಕಿ ಮಾಮಾನ ಬಿಳಿ ಅಂಗಿಯ ಮೇಲೆ ಬಿತ್ತು. ಅಜ್ಜಿ ಹೊಸ್ತಿಲಲ್ಲೇ ಕುಸಿದು ಕೂತಳು. ಅವಳ ಮಟ್ಟಿಗೆ ಅಳಿಯನೆಂದರೆ ಬಂದಾಗ ಗಾದಿಯ ಮೇಲೆ ಕೂಡಿಸಿ, ಕೈಗೆ ನೀರು ಕೊಟ್ಟು, ಎದುರು ನಿಂತು ಮಾತಾಡಿಸಬೇಕಾದವರು.

"ಅಳ್ಯಾರ, ಮಂದಿ ನೋಡಾಕತ್ತಾರ. ಮನಿ ಅಳ್ಯಾನ್ನ ರಾಡ್ಯಾಗ ಇಳಿಸ್ಯಾರ ಅಂತಾರ. ಒಳಗ ಬರ್ರಿ."

"ನೋಡ್ಲಿ ಬಿಡ್ರಿ ಅತ್ತಿ. ಟಿಕೀಟ್ ಇಡೋಣೇನು?"

ಅಜ್ಜಿಯ ಸಮಾಧಾನಕ್ಕೆ ಅವರು ಗಾದಿಯನ್ನೇ ಅಂಗಳಕ್ಕೆ ತರಿಸಿ, ಅದರ ಮೇಲೆ ಕೂತು ಪಿಸ್ಟನ್ ತಿಕ್ಕಿದರು. ಆ ಗಾದಿ ಆಮೇಲೆ ಯಾವ ಕೆಲಸಕ್ಕೂ ಬರಲಿಲ್ಲ.

ಬಿಚ್ಚಿದ ಭಾಗಗಳನ್ನಿಡಲು ನಮ್ಮ ಶೆಡ್ಡಿನ ಹಳೆಯ ಬಲೆ ತಂದು ಅಂಗಳದಲ್ಲಿ ಕಟ್ಟಿದ್ದರು. ದ್ರಾಕ್ಷಿ ಒಣಗುವ ಜಾಗದಲ್ಲಿ ವಾಲ್ವು, ಸ್ಪ್ರಿಂಗು, ನಟ್ಟುಗಳು ಒಣಗುತ್ತಿದ್ದವು. ಅಂಗಡಿಗೆ ಬಿಡುವಿದ್ದ ದಿನ ಮಾಮಾ ಬಸ್ಸು ಹಿಡಿದು ಬರುತ್ತಿದ್ದರು. ಸಿಲಿಂಡರ್ ಕೊರೆಸಲು ಸ್ಟೇಷನ್ ರಸ್ತೆಯ ಆಚೆ ಲೇಥಿನವರ ಹತ್ತಿರ ಒಯ್ದರು. ಬೇರಿಂಗು, ರಿಂಗು, ಎಣ್ಣೆಗೆ ನೀರು ಸೇರದಂತೆ ನಡುವೆ ಕೂಡಿಸುವ ಗ್ಯಾಸ್ಕೆಟ್ಟುಗಳನ್ನು ಸೊಲ್ಲಾಪುರದಿಂದ ತರಿಸಿದರು. ಇಂಗ್ಲಿಷಿನ ಕೈಪಿಡಿ ಓದಿ ಹೇಳುವುದು ನನ್ನ ಪಾಲು. ನಾನಾಗ ಪಿಯುಸಿ ಓದುತ್ತಿದ್ದೆ.

"ವಕೀಲ್ರ, ಪಿಸ್ಟನ್ ಮ್ಯಾಲಿನ ಬಾಣ ಎತ್ತಾಗ ಇರಬೇಕಂತ ಬರದಾರ?"

"ಮುಂದಕ್ಕ."

"ಮುಂದಂದ್ರ ಯಾರ ಮುಂದ? ನನ್ನ ಮುಂದೋ, ಗಾಡಿ ಮುಂದೋ?"

"ಗಾಡಿ ಮುಂದರಿ. ನೀವು ಎಂಜಿನ್ನಿಗೆ ಬೆನ್ನ ಮಾಡಿ ಕುಂತ್ರ ಅದು ತಿರಗತೈತೇನು?"

ಅವರು ಒಂದು ಪಿಸ್ಟನ್ ತಿರುಗಾಮುರುಗಾ ಹಾಕಿಬಿಟ್ಟಿದ್ದರು. ತೆಗೆದು ಸರಿಯಾಗಿ ಹಾಕುತ್ತ, ಅದನ್ನು ಬೇಕೆಂದೇ ಹಾಗೆ ಹಾಕಿ ನನ್ನನ್ನು ಪರೀಕ್ಷೆ ಮಾಡಿದೆ ಎಂದರು. ಚೈನು ಒಂದು ಹಲ್ಲು ತಪ್ಪಿ ಕೂತಿತ್ತು. ಅದಕ್ಕೆ ಲೇಥಿನವರನ್ನು ಬೈದರು, ಅವರಿಗೂ ಚೈನಿಗೂ ಸಂಬಂಧವೇ ಇರಲಿಲ್ಲ. ಒಂದು ಸ್ಪ್ರಿಂಗ್ ಸಿಡಿದು ಹಾರಿ ಬಚ್ಚಲ ಮೋರಿಯಲ್ಲಿ ಸಿಕ್ಕಿತು. ಅದಕ್ಕೆ ಬೆಕ್ಕು ಕಾರಣವಾಯಿತು. ಇದನ್ನೆಲ್ಲ ಮುಚ್ಚಿಡದೆ ಬರೆಯುತ್ತಿದ್ದೇನೆ. ಇಷ್ಟೊಂದು ಕಡೆ ತಪ್ಪಿದವರು ಎಂಬ ಕಾರಣಕ್ಕೇ ಮುಂದಿನದನ್ನೂ ಅವರ ತಲೆಗೆ ಕಟ್ಟುವುದು ನಮಗೆ ಅಷ್ಟು ಸಲೀಸಾಯಿತು. ಮಾತು ಆಡಿದವರು ಯಾರೆಂದು ನೋಡಬೇಡ, ಆಡಿದ ಮಾತು ನೋಡು ಎಂದು ವೇದಿಕೆಯ ಮೇಲೆ ನಾನೇ ಎಷ್ಟೋ ಸಲ ಹೇಳಿದ್ದೇನೆ...

ಗಾಡಿ ಚಾಲು ಮಾಡುವ ದಿನ ಬಂತು. ಅದೂ ದ್ರಾಕ್ಷಿ ಹಂಗಾಮು. ಮರುದಿನ ತಿಕೋಟಾಕ್ಕೆ ಹೋಗಬೇಕಾದ ಸಾಮಾನು ಪಡಸಾಲೆ ತುಂಬ ಬಿದ್ದಿತ್ತು. ಕಾಕಾಗಳು, ಓಣಿಯವರು ಅಂಗಳದಲ್ಲಿ ನೆರೆದಿದ್ದರು. ಕೊನೆಯ ಕೆಲಸವೆಂದರೆ ಎಂಜಿನ್ನಿಗೆ ಎಣ್ಣೆ ತುಂಬುವುದು. ಮಾಮಾ ತಾವೇ ತಂದ ಹೊಸ ಎಣ್ಣೆಯ ಕ್ಯಾನು ಪಡಸಾಲೆಯಲ್ಲಿತ್ತು. ನಮ್ಮಲ್ಲಿ ಹೊಸ ಒಲೆಗಿರಲಿ, ಬೋರಿನ ಮೋಟರಿಗಿರಲಿ, ಮೊದಲ ಕೈ ಮನೆಯ ಮಗನದ್ದೇ ಆಗಬೇಕು. ಅಳಿಯ ಎಷ್ಟೇ ದುಡಿದಿದ್ದರೂ ಆ ಕೈ ಅವನದ್ದಲ್ಲ. ಮಾಮಾ ಅದನ್ನು ಯಾರೂ ಹೇಳದೆಯೇ ಪಾಲಿಸಿದರು. ಅಪ್ಪನನ್ನು ಕರೆದು, "ನಂದ ಬರೇ ದುಡಿಯೂ ಕೈ. ಎಣ್ಣಿ ಮನಿ ಮಗಾ ಹಾಕ್ಲಿ" ಎಂದರು. ಅಜ್ಜಿಯ ಮುಖ ಅರಳಿತು. ಅವಳು ಅಳಿಯನನ್ನು ಒಳಗೆ ಕರೆದೊಯ್ದು, ಕೈಕಾಲು ತೊಳೆಸಿ, ಹೊಸ ಟಾವೆಲ್ಲು ಟೊಪ್ಪಿಗೆ ಕೊಟ್ಟು ಗೌರವಿಸಿದಳು. ಅಷ್ಟರಲ್ಲಿ ಅಪ್ಪ ಪಡಸಾಲೆಯಿಂದ ಕ್ಯಾನು ತಂದು ಎಣ್ಣೆ ಸುರಿದಾಗಿತ್ತು.

ಮಾಮಾ ಹೊರಗೆ ಬಂದು, ಎಣ್ಣೆಯ ಮಟ್ಟ ನೋಡುವ ಕಡ್ಡಿ ಎಳೆದು ನೋಡಿದರು. ಮಟ್ಟ ಸರಿಯಾಗಿತ್ತು. ಅರಿವೆಯಿಂದ ಒರೆಸಿ ಮತ್ತೆ ಇಟ್ಟರು. ಬೆರಳಿಗೆ ಹಚ್ಚಿ ತಿಕ್ಕಿ ನೋಡಲಿಲ್ಲ. ಅದು ಅವರ ತಪ್ಪೇ. ನಾನು ಅದನ್ನು ಬಿಟ್ಟುಕೊಡುವುದಿಲ್ಲ.

ಹ್ಯಾಂಡಲ್ ಹಾಕಿ ತಿರುವಿದರು. ಮೊದಲು ಬರೀ ಗೊರಗೊರ. ಮತ್ತೆ ತಿರುವಿದರು. ಒಮ್ಮೆಗೇ ಗಾಡಿಯೆಲ್ಲ ನಡುಗಿ, ಹಿಂದಿನಿಂದ ಬಿಳಿ ಹೊಗೆ ಉಗುಳಿ, ಎಂಜಿನ್ ಎದ್ದಿತು. ಅದರ ಸದ್ದಿನಲ್ಲಿ ಯಾರ ಮಾತೂ ಕೇಳುತ್ತಿರಲಿಲ್ಲ. ಅಪ್ಪ ಮಾಮಾನ ಬೆನ್ನು ತಟ್ಟಿದರು. ಅಜ್ಜಿ ಅಲ್ಲೇ ಅತ್ತೆಯ ಉಡಿ ತುಂಬಿಸಿದಳು. ತವರಿನಿಂದ ಮಗಳು ಹೊರಡುವಾಗ ಸೆರಗಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಕಳಿಸುವುದು ಪದ್ಧತಿ. ಅತ್ತೆ ಉಡಿ ಹಿಡಿದುಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಅವಳು ಅಷ್ಟು ನೆಟ್ಟಗೆ ಕೂತದ್ದನ್ನು ನಾನು ಮೊದಲು ನೋಡಿರಲಿಲ್ಲ.

ಗೇಟು ದಾಟಿದ ಗಾಡಿಯ ಹಿಂದೆ ನಾವೆಲ್ಲ ರಸ್ತೆಯವರೆಗೆ ನಡೆದೆವು. ಅದು ದೂರ ಹೋಗಿ ಸಣ್ಣದಾಗುತ್ತಿದ್ದಾಗಲೇ ಸದ್ದು ಬದಲಾಯಿತು. ಕಲ್ಲಿನ ಮೇಲೆ ತಗಡು ಎಳೆದಂತೆ ಒಂದು ಕಿರಚಾಟ. ಆಮೇಲೆ ಏನೂ ಇಲ್ಲ.

ಅತ್ತೆ ನಡೆದೇ ಮರಳಿ ಬಂದಳು, ಉಡಿ ಹಾಗೇ ಹಿಡಿದುಕೊಂಡು. ಉಡಿ ತುಂಬಿಸಿಕೊಂಡು ಹೊರಟ ಮಗಳು ಊರು ಸೇರದೆ ತಿರುಗಿ ಬರಬಾರದು. ಅದು ಅವಳಿಗೂ ಗೊತ್ತಿತ್ತು, ದಾರಿಯಲ್ಲಿ ನಿಂತು ನೋಡುತ್ತಿದ್ದ ಹೆಂಗಸರಿಗೂ ಗೊತ್ತಿತ್ತು. ಯಾರ ಮುಖವನ್ನೂ ನೋಡದೆ ಅಡುಗೆಮನೆಗೆ ಹೋಗಿ ಬಾಗಿಲು ಮುಚ್ಚಿಕೊಂಡಳು.

ಟ್ರ್ಯಾಕ್ಟರ್ ಗಾಡಿಯನ್ನು ಎಳೆದು ತಂದು ಅಂಗಳದಲ್ಲಿ ಬಿಟ್ಟಿತು. ಅಪ್ಪ ಗೇಟಿನಲ್ಲಿ ಜನರಿಗೆ ಉತ್ತರ ಹೇಳುತ್ತಿದ್ದರು. ಮಾಮಾ ಗಾಡಿಯ ಕೆಳಗೆ ತೂರಿ, ಎಣ್ಣೆಯನ್ನು ಒಂದು ಅಗಲ ತಟ್ಟೆಗೆ ಇಳಿಸಿಕೊಂಡು ಹಿತ್ತಲಿಗೆ ಹೋದರು. ನಾನೂ ಹಿಂದೆ ಹೋದೆ. ತಟ್ಟೆಯಲ್ಲಿದ್ದುದು ತೆಳ್ಳಗೆ, ಸುಟ್ಟ ಬಣ್ಣಕ್ಕಿತ್ತು. ಮಾಮಾ ಅದರಲ್ಲಿ ಬೆರಳದ್ದಿ ತಿಕ್ಕಿದರು. ಮೂಸಿದರು. ಆ ಬೆರಳುಗಳನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡು ನಿಂತಾಗಲೇ ಆ ಸಾಬೂನಿನಂಥ ವಾಸನೆ ನನಗೆ ಬಡಿದದ್ದು. ಆಮೇಲೆ ಹಂಡೆಯಿಂದ ಒಂದು ತಂಬಿಗೆ ನೀರು ತಂದು ತಟ್ಟೆಗೆ ಹನಿಸಿದರು. ಎಣ್ಣೆ ಬೆಳ್ಳಗಾಗುತ್ತ ಹೋಯಿತು.

ಅವರು ತಲೆಯೆತ್ತಿ ಪಡಸಾಲೆಯ ಕಡೆಗೆ ನೋಡಿದರು. ಬಹಳ ಹೊತ್ತು.

"ಯಾಕ ಬೆಳ್ಳಗ ಆತು ಮಾಮಾ?"

"ಎಣ್ಣಿಗೆ ನೀರ ಕೂಡ್ಯಾವು ಬೇ. ಗ್ಯಾಸ್ಕೆಟ್ ಸರಿ ಕೂತಿಲ್ಲ."

ತಟ್ಟೆಯನ್ನು ಮೋರಿಗೆ ಬಗ್ಗಿಸಿ, ಕೊಡಗಟ್ಟಲೆ ನೀರು ಹೊಯ್ದು ತೊಳೆದರು. ಅಂಗಳಕ್ಕೆ ಬಂದು ಎಲ್ಲರ ನಡುವೆ ನಿಂತು, ಅಜ್ಜಿ ಕೊಟ್ಟ ಹೊಸ ಟಾವೆಲ್ಲಿಗೇ ಕೈ ಒರೆಸುತ್ತ ಹೇಳಿದರು. "ತಪ್ಪ ನಂದ. ಗ್ಯಾಸ್ಕೆಟ್ ಸರಿ ಕೂತಿಲ್ರಿ."

"ಹೋಗ್ಲಿ ಬಿಡ್ರಿ ಮಾಮಾರ," ಎಂದರು ಅಪ್ಪ. "ಸೀರಿ ಅಂಗಡಿ ಅಂತೂ ಐತಲ್ಲ."

ಅವತ್ತಿನ ಮೊದಲ ನಗು ಅದು.

ಗಾಡಿ ಗುಜರಿಗೆ ಹೋಯಿತು. ಮಾಮಾ ನಮ್ಮ ಮನೆಗೆ ಬರುವುದು ಕಡಿಮೆಯಾಯಿತು. ಬಂದರೂ ಮೊದಲಿನ ಹಾಗೆ ಮಳೆಯ ಮಾತಿಲ್ಲ, ಔಷಧದ ಮಾತಿಲ್ಲ. ಹೇಳಲು ಬಾಯಿ ತೆಗೆದರೆ ಕಾಕಾಗಳಲ್ಲಿ ಯಾರಾದರೊಬ್ಬರು "ಗ್ಯಾಸ್ಕೆಟ್ ನೋಡ್ಕೋರಿ" ಎನ್ನುತ್ತಿದ್ದರು. ಅತ್ತೆ ಅವರ ಜೊತೆ ಬರುವುದನ್ನು ಬಿಟ್ಟಳು. ಅವರೊಂದು ದಿನ, ಅವಳೊಂದು ದಿನ. ಬಂದರೂ ಅವಳು ಚಪ್ಪರದ ಕಡೆಗೆ ಹೋಗುತ್ತಿರಲಿಲ್ಲ. ನನ್ನ ಗಂಡ ತವರಿನ ಅಂಗಳದಲ್ಲಿ ನನ್ನ ಮಾನ ಕಳೆದ ಎಂದು ಅವಳು ಒಮ್ಮೆ ಅಮ್ಮನ ಹತ್ತಿರ ಅಂದದ್ದನ್ನು ನಾನು ಕೇಳಿಸಿಕೊಂಡಿದ್ದೇನೆ.

ಕಾಕಾನ ಮೊಮ್ಮಗಳ ಹೆಸರಿಡುವ ದಿನ ಅಪ್ಪ ಆ ಕತೆಯನ್ನು ಮಾಮಾನ ಎದುರಿಗೇ ಹೇಳಿದರು, ಕೈ ಒರೆಸಿಕೊಳ್ಳುವ ಆಟದ ಸಮೇತ. ಮಾಮಾ ತಲೆ ಬಗ್ಗಿಸಿ ನಕ್ಕರು. ನನಗೆ ಯಾವುದೋ ಒಂದು ಎಳೆ ಸಿಕ್ಕಂತಾಗಿ ಕೇಳಿದೆ: "ಮಾಮಾ, ನೀರು ಎಣ್ಣಿಗೆ ಕೂಡಿದ್ರ ರೇಡಿಯೇಟರ್‌ನ್ಯಾಗ ಕಡಿಮಿ ಆಗಬೇಕಿತ್ತಲ್ಲ? ಅದು ತುಂಬೇ ಇತ್ತು, ನಾನ ನೋಡೇನಿ."

ಅವರು ನನ್ನತ್ತ ನೋಡಿದರು. ಅಪ್ಪನತ್ತ ನೋಡಲಿಲ್ಲ. "ಸಾಕ್ ಬೇ, ವಾದಾ," ಎಂದು ಎದ್ದು ಹೋಗಿ ಕೈ ತೊಳೆದುಕೊಂಡರು.

ಮಾಮಾ ಮೊದಲ ಸಲ ನನ್ನೆದುರು ವಾದ ಬಿಟ್ಟುಕೊಟ್ಟಿದ್ದರು. ಗೆದ್ದೆ ಎಂದು ಹಿಗ್ಗಿದೆ. ಆ ಹಿಗ್ಗನ್ನು ಈಗ ನೆನೆದರೆ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ.

ಹೋದ ಚಳಿಗಾಲ ಮಾಮಾ ತೀರಿಕೊಂಡರು. ಅಂಗಡಿಯಲ್ಲಿ ಬಟ್ಟೆಯ ಥಾನು ಅಳೆಯುತ್ತಿದ್ದವರು ಕೂತರು, ಏಳಲಿಲ್ಲ. ಮಣ್ಣಿಗೆ ಹೋಗಿದ್ದಾಗಲೂ ಯಾರೋ ಹಿಂದಿನ ಸಾಲಿನಲ್ಲಿ ಗಾಡಿಯ ಮಾತು ತೆಗೆದರು. ಅಪ್ಪ ಎದ್ದು ಆಚೆ ಹೋದರು. ದುಃಖವೆಂದುಕೊಂಡೆ.

ಈಗ ತಿಕೋಟಾದ ಶೆಡ್ಡಿನ ಮುಂದೆ, ಬೆಳ್ಳಗಾದ ತೊಟ್ಟಿಯ ಎದುರು ನಿಂತು ನಾನು ಹಿತ್ತಲಿನ ಆ ಗಳಿಗೆಯನ್ನು ಸಾಲಾಗಿ ಜೋಡಿಸಿದೆ. ಮಾಮಾ ಮೊದಲು ಮೂಸಿದರು. ಆಮೇಲೆ ಅವರೇ ನೀರು ಹಾಕಿದರು. ಬೆಳ್ಳಗಾದದ್ದು ಅದರ ನಂತರ. ಎಂಜಿನ್ನಿನಿಂದ ಇಳಿದಾಗ ಅದು ಬೆಳ್ಳಗಿರಲೇ ಇಲ್ಲ. ನನ್ನ ಕಣ್ಣೆದುರೇ ನೀರು ಹಾಕಿ, ನೀರು ಒಳಗೇ ಕೂಡಿತ್ತು ಎಂದರು. ವಾದ ಕಲಿತ ನಾನು ತಲೆದೂಗಿದೆ.

ಶೆಡ್ಡಿನ ಅಜ್ಜನ ಪಕ್ಕದಲ್ಲಿ ಕ್ಯಾನುಗಳು ಸಾಲಾಗಿದ್ದವು. ಎಲ್ಲವೂ ಟ್ರ್ಯಾಕ್ಟರ್ ಎಣ್ಣೆಯ ಹಳೆಯ ಕ್ಯಾನುಗಳು. ನಾಲ್ಕಾರು ತೋಟದವರು ಕೂಡಿ ಡಿಪ್ಪಿಂಗ್ ಎಣ್ಣೆಯ ಬ್ಯಾರಲ್ ತರಿಸಿ ಹಂಚಿಕೊಳ್ಳುತ್ತಾರೆ; ಹಂಚಿಕೊಳ್ಳಲು ಕೈಗೆ ಸಿಗುವುದು ಮನೆಯಲ್ಲಿ ಬಿದ್ದ ಇವೇ ಕ್ಯಾನುಗಳು. ನಮ್ಮ ಸೀಮೆಯಲ್ಲಿ ಯಾರ ಪಡಸಾಲೆಯಲ್ಲಿ ನೋಡಿದರೂ ಇಂಥವೇ. ನಮ್ಮವುಗಳ ಮೇಲೆ ಮಾತ್ರ ಕೆಂಪು ಬಣ್ಣದ ಗೀಟು ಎಳೆದಿತ್ತು.

"ಅಜ್ಜಾ, ಈ ಕೆಂಪ ಗೀಟ ಯಾಕ?"

"ನಿಮ್ಮಪ್ಪಾರ ಹಚ್ಚಿದ್ದು ತಂಗಿ. ಅದಲು ಬದಲು ಆಗಬಾರ್ದಂತ."

"ಆಗಿತ್ತೇನು?"

"ಒಂದ ವರ್ಷ ಆಗಿತ್ತು. ಹೊಸಾ ಸೀಲಿನ ಕ್ಯಾನ್ ಬಂದಿತ್ತು. ಒಡದು ಹಾಕಿನಿ, ನೀರು ಬೆಳ್ಳಗ ಆಗವಲ್ದು. ಎಣ್ಣಿ ಮ್ಯಾಲ ಮ್ಯಾಲ ತೇಲಾಕತ್ತು. ಮೂಸಿದ್ರ ಗಾಡಿ ಎಣ್ಣಿ. ತೊಟ್ಟಿ ನೀರೆಲ್ಲಾ ಚೆಲ್ಲೀವಿ. ನಿಮ್ಮಪ್ಪಾರಿಗೆ ಫೋನ್ ಹಚ್ಚಿ, ಯಪ್ಪಾ, ಗಾಡಿ ಎಣ್ಣಿ ಇಲ್ಲಿ ಬಂದೈತಿ, ನಮ್ಮ ಎಣ್ಣಿ ಎಲ್ಲಿ ಹೋತು ಅಂದೆ."

"ಏನಂದ್ರು?"

"ಏನೂ ಅನ್ಲಿಲ್ಲ. ಫೋನ್ ಕಟ್ಟಾತೇನೋ ಅಂತ ನಾ ಮತ್ತ ಹಲೋ ಹಲೋ ಅಂದೆ. ಮರದಿನಾ ತಾವ ಬಣ್ಣದ ಡಬ್ಬಿ ತೊಗೊಂಡು ಬಂದ್ರು. ಬಣ್ಣಾ ಹಚ್ಚೂ ಮುಂದ ನಾ ಕೇಳಿದೆ, ನಿಮ್ಮ ಮಾಮಾರ ಗಾಡಿ ಕೆಟ್ಟು ನಿಂತತಂತಲ್ರಿ, ಏನ ಮಾಡ್ತೀರಿ ಅಂತ. ನಾಳಿ ಗುಜರಿಯವ್ರು ಬರ್ತಾರ ಅಂದ್ರು."

ನಾಳೆ. ಅಂದರೆ ಗಾಡಿ ಅವತ್ತಿನ್ನೂ ನಮ್ಮ ಅಂಗಳದಲ್ಲೇ ಇತ್ತು. ಎಂಜಿನ್ ಮತ್ತೆ ಬಿಚ್ಚಬಹುದಿತ್ತು. ಅತ್ತೆಗೆ ಒಂದು ಮಾತು ಹೇಳಬಹುದಿತ್ತು. ಅಪ್ಪನಿಗೆ ಗೊತ್ತಾದ ಮೇಲೆ ಗಾಡಿ ಹೋಯಿತು, ಗೊತ್ತಾದ ಮೇಲೆ ಆ ಕತೆ ಹುಟ್ಟಿತು, ಗೊತ್ತಾದ ಮೇಲೆ ನಾವೆಲ್ಲ ನಗಲು ಕಲಿತೆವು.

ಅಪ್ಪ ಎಂಜಿನ್ನಿಗೆ ಡಿಪ್ಪಿಂಗ್ ಎಣ್ಣೆ ಸುರಿದ ತಪ್ಪಿಗೆ ನನಗೆ ನಾಚಿಕೆಯಿಲ್ಲ. ಒಂದೇ ಥರದ ಕ್ಯಾನು, ಗಡಿಬಿಡಿ, ಸೀಲು ಮಾಮಾನೇ ಒಡೆದಿರಬೇಕೆಂಬ ಎಣಿಕೆ... ಯಾರ ಕೈಯಲ್ಲೂ ಆಗಬಹುದಾದದ್ದು. ಮಾಮಾ ಯಾಕೆ ಬಾಯಿ ಬಿಡಲಿಲ್ಲ ಎಂಬುದನ್ನು ಊಹಿಸಬಲ್ಲೆ, ಸಾಬೀತು ಮಾಡಲಾರೆ. ಎಣ್ಣೆ ಹಾಕು ಎಂದು ಅಪ್ಪನನ್ನು ಕರೆದವರು ಅವರೇ. ಅಂಥ ದಿನ, ಅಷ್ಟು ಜನರ ನಡುವೆ, ಹೆಂಡತಿಯ ತಮ್ಮನ ಕೈ ತೋರಿಸಿದರೆ ಹೆಂಡತಿಗೆ ತವರು ಉಳಿಯುತ್ತದೆಯೇ ಎಂದು ಯೋಚಿಸಿದ್ದಿರಬಹುದು. ಅವರನ್ನು ಕೇಳಿ ವಾದ ಮಾಡೋಣವೆಂದರೆ ಅವರಿಲ್ಲ. ಒಮ್ಮೆಯಾದರೂ "ಮಾಮಾ, ನೀವು ಗೆದ್ರಿ" ಎನ್ನಬೇಕಿತ್ತು. ಅದಕ್ಕೆ ಉತ್ತರವಾಗಿ ಬರುತ್ತಿದ್ದ ಬಡಾಯಿ ಇನ್ನು ಕೇಳಸಿಗುವುದಿಲ್ಲ. ನಾಚಿಕೆ ನಮ್ಮ ನಗುವಿನದು. ಆ ನಗು ನನ್ನ ಗಂಟಲಲ್ಲೂ ಇತ್ತು.

ಸಂಜೆ ಮನೆಗೆ ಬಂದಾಗ ಅಪ್ಪ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಕೂತಿದ್ದರು. "ಬುತ್ತಿ ಸಾಲ್ತೇನು ಎಲ್ಲಾರಿಗೂ?" ಎಂದರು. ಸಾಲಿತು ಎಂದೆ. ಶೆಡ್ಡಿನ ಅಜ್ಜ ಹೇಳಿದ್ದನ್ನು ಒಂದೊಂದಾಗಿ ಹೇಳಿದೆ. ತೇಲಿದ ಎಣ್ಣೆ, ಫೋನು, ಬಣ್ಣದ ಡಬ್ಬಿ, ನಾಳೆ ಬರಬೇಕಿದ್ದ ಗುಜರಿಯವರು. ಅಪ್ಪ ಅಲ್ಲವೆನ್ನಲಿಲ್ಲ. ಚೀಲವನ್ನು ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಇಟ್ಟುಕೊಂಡರು. ಹಿತ್ತಲಲ್ಲಿ ಮಾಮಾ ಬೆರಳು ಮೂಸಿದ್ದನ್ನು, ನೀರು ಹನಿಸಿದ್ದನ್ನು, ಪಡಸಾಲೆಯ ಕಡೆಗೆ ನೋಡುತ್ತ ನಿಂತದ್ದನ್ನು ಅವರಿಗೆ ಇಷ್ಟು ವರ್ಷ ಯಾರೂ ಹೇಳಿರಲಿಲ್ಲ, ನೋಡಿದವಳು ನಾನೊಬ್ಬಳೇ. ಅದನ್ನೂ ಹೇಳಿದೆ. ಅವರ ಕೈ ನಿಂತಿತು. ಆಗ ಕೇಳಿದೆ.

"ಅಪ್ಪಾ, ಮಾಮಾಗ ಎಲ್ಲಾ ಗೊತ್ತಿತ್ತು, ನಿಮ್ಮನ್ನ ಉಳಸಾಕ ಸುಮ್ಮನಿದ್ರು. ಅವರಿಗೆ ಗೊತ್ತೈತಿ ಅನ್ನೂದು ನಿಮಗ ಗೊತ್ತಿತ್ತೇನು, ಅವರ ಮುಂದ ನಿಂತು ಆ ಕತಿ ಹೇಳೂ ಮುಂದ?"